ಜಗಳ ಕಲಿಸುವ ಪಿರಿಯಡ್ಡು

ನಮ್ಮಕ್ಕನ ಗಂಟಲು ದೊಡ್ಡದು. ಚಿಕ್ಕಂದಿನಲ್ಲಿ ಅದನ್ನು ನನ್ನ ಮೇಲೆ ಚೆನ್ನಾಗಿ ಪಳಗಿಸಿಕೊಂಡು ಆಮೇಲೆ ಟೀಚರ್ ಆದಳು. ಒಂಬತ್ತನೇ ಕ್ಲಾಸಿಗೆ ವಿಜ್ಞಾನ ಹೇಳುತ್ತಾಳೆ. ಅಂಥವಳು ಶುಕ್ರವಾರದ ಕೊನೆಯ ಪಿರಿಯಡ್ಡಿನಲ್ಲಿ ಮಕ್ಕಳಿಗೆ ಮರ್ಯಾದೆಯಿಂದ ಜಗಳವಾಡುವುದನ್ನು ಕಲಿಸುತ್ತಾಳೆ ಎಂದು ಗೊತ್ತಾದಾಗ ನಾನು ಬಿದ್ದು ಬಿದ್ದು ನಕ್ಕಿದ್ದೆ.

ಅವಳ ಕಟ್ಟಳೆ ಒಂದೇ. ಜಗಳವಾಡಿದವರು ಎದುರುಬದುರು ಕುರ್ಚಿಯಲ್ಲಿ ಕೂರಬೇಕು. ಎದುರಿನವರು ಹೇಳಿದ್ದನ್ನು ಮೊದಲು ತಮ್ಮ ಬಾಯಲ್ಲಿ ಹೇಳಬೇಕು. ಅವರು "ಹೌದು, ಅದೇ" ಅಂದ ಮೇಲೆಯೇ ಉತ್ತರ. ಕೇಳಲು ಸಲೀಸು. ನಾನೊಮ್ಮೆ ನನ್ನ ಗಂಡನ ಜೊತೆ ಮಾಡಿ ನೋಡಿದೆ; ಅವರು ಹೇಳಿದ್ದೇನೆಂದೇ ನನಗೆ ನೆನಪಿರಲಿಲ್ಲ.

ಹೆಡ್ ಮೇಷ್ಟರಿಗೆ ಈ ಪಿರಿಯಡ್ಡು ಕಂಡರಾಗದು. ಹೋದ ತಿಂಗಳು ಕ್ಲಾಸಿನ ಬಾಗಿಲಲ್ಲೇ ನಿಂತು ಹೇಳಿದರು: "ಗಣಿತದಲ್ಲಿ ಹನ್ನೊಂದು ಜನ ಫೇಲು. ನೀವಿಲ್ಲಿ ಹರಟೆ ಹೊಡೀತಾ ಕೂತಿದೀರಾ? ಮುಂದಿನ ವಾರದಿಂದ ಇದು ಬಂದ್."

ಅಕ್ಕನ ಪಿತ್ತ ನೆತ್ತಿಗೇರಿತು. "ಹರಟೆನಾ? ಆರು ತಿಂಗಳಿಂದ ಇಲ್ಲಿ ಒಬ್ಬರ ಮೇಲೊಬ್ಬರು ಕೈ ಮಾಡಿಲ್ಲ, ಅದು ಕಾಣ್ಸಲ್ವಾ ನಿಮಗೆ?" ಎಂದು ಪಕ್ಕದ ಕ್ಲಾಸಿಗೂ ಕೇಳಿಸುವಂತೆ ಕೂಗಿದಳು.

ಹಿಂದಿನ ಬೆಂಚಿನಲ್ಲಿ ಒಂದು ಕೈ ಮೇಲೆದ್ದಿತು. ಜಗಳಕ್ಕೇ ಎರಡು ಶಾಲೆ ಬಿಟ್ಟು ಬಂದ, ಎಲ್ಲರೂ 'ಬೆಂಕಿಪೊಟ್ಟಣ' ಎನ್ನುವ ಹುಡುಗಿ. "ಟೀಚರ್, ಸರ್ ಹೇಳಿದ್ದನ್ನ ನೀವಿನ್ನೂ ಹೇಳೇ ಇಲ್ಲ."

ಅಕ್ಕನಿಗೆ ನಾಚಿಕೆಯಾಯಿತು. ಈಗ ಜಾರಿಕೊಂಡರೆ ಆರು ತಿಂಗಳ ಪಾಠ ಅಲ್ಲಿಗೇ ಮಣ್ಣುಪಾಲು. ಹೆಡ್ ಮೇಷ್ಟರ ಕಡೆ ತಿರುಗಿ ಹೇಳಿದಳು: "ಹನ್ನೊಂದು ಮಕ್ಕಳು ಫೇಲಾಗಿದಾರೆ, ನಿಮಗೆ ಆ ಚಿಂತೆ. ನಾನು ಹೊತ್ತು ಹಾಳು ಮಾಡ್ತಿದೀನಿ ಅನ್ಸುತ್ತೆ. ಅಷ್ಟೇನಾ ಸರ್?"

"ಹೌದು, ಅದೇ!" ಎಂದುಬಿಟ್ಟರು ಹೆಡ್ ಮೇಷ್ಟರು.

"ಈಗ ನಿಮ್ಮ ಸರದಿ ಸರ್," ಎಂದಳು ಬೆಂಕಿಪೊಟ್ಟಣ. "ಟೀಚರ್ ಏನಂದ್ರು, ಹೇಳಿ."

"ನನಗೇ ಪಾಠನಾ?" ಅವರು ದಡದಡ ಹೊರಟುಹೋದರು. ಸಂಜೆಯೊಳಗೆ ಅಕ್ಕನ ಕೈಗೆ ಮೆಮೊ ಬಂತು: ಅಶಿಸ್ತಿಗೆ ಲಿಖಿತ ವಿವರಣೆ ಕೊಡಿ.

ಅಕ್ಕ ವಿವರಣೆಯ ತುಂಬ ಅವರ ದೂರನ್ನೇ ಬರೆದಳು, ಒಂದಕ್ಷರ ಬಿಡದೆ. ಕೊನೆಗೆ, "ತಾವು ಹೇಳಿದ್ದು ಇದೇ ಆದರೆ ಸಹಿ ಮಾಡಿ. ಆಮೇಲೆ ನನ್ನ ಉತ್ತರ" ಎಂದು ಸೇರಿಸಿದಳು.

"ಕೆಲಸ ಹೋದ್ರೆ ಏನೇ ಮಾಡ್ತೀಯಾ?" ಎಂದೆ.

"ಹೋಗ್ಲಿ ಬಿಡೆ. ಆ ಹುಡುಗಿ ಮುಂದೆ ತಲೆ ತಗ್ಗಿಸ್ಕೊಂಡು ಓಡಾಡೋಕೆ ನನ್ನಿಂದಾಗಲ್ಲ."

ಸಹಿ ಇನ್ನೂ ಬಿದ್ದಿಲ್ಲ. ಹನ್ನೊಂದು ಮಕ್ಕಳ ಮಾತು ಮಾತ್ರ ಅಕ್ಕನನ್ನು ಬಿಡಲಿಲ್ಲ. ತನ್ನ ಬಾಯಲ್ಲೇ ಹೇಳಿದ ಮೇಲೆ ಅದು ಅವಳ ಕಿವಿಗೂ ಬಿದ್ದಿತ್ತಲ್ಲ. ದಿನಾ ಬೆಳಗ್ಗೆ ಎಂಟಕ್ಕೇ ಅವರನ್ನು ಕೂರಿಸಿಕೊಂಡು ಲೆಕ್ಕ ಮಾಡಿಸುತ್ತಾಳೆ. ಶುಕ್ರವಾರವನ್ನಂತೂ ಬಿಟ್ಟುಕೊಟ್ಟಿಲ್ಲ. ವೇಳಾಪಟ್ಟಿಯಲ್ಲಿ ಈಗ ಗಣಿತ ಎಂದಿದ್ದರೂ ಕೊನೆಯ ಪಿರಿಯಡ್ಡಿನ ಗಂಟೆ ಹೊಡೆದೊಡನೆ ಒಳಗೆ ಹೋಗಿ ಎರಡು ಕುರ್ಚಿ ಎಳೆದು ಹಾಕುತ್ತಾಳೆ. ಒಂದರಲ್ಲಿ ತಾನು ಕೂತು ಪಾಠ ಶುರುಮಾಡುತ್ತಾಳೆ. ಇನ್ನೊಂದು ಹೆಡ್ ಮೇಷ್ಟರದು. ಅವರು ಬರುವವರೆಗೆ ಅದರಲ್ಲಿ ಯಾರೂ ಕೂರುವಂತಿಲ್ಲ.