ಪಾದ ಬರೆಯದ ಭೀಮಾಬಾಯಿ

ನಿಂಬರ್ಗಾದ ಭೀಮಾಬಾಯಿ ಆಯಿ ಬರೆದ ಮನುಷ್ಯರಿಗೆ ಪಾದಗಳೇ ಇರುತ್ತಿರಲಿಲ್ಲ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಸುಣ್ಣದಲ್ಲಿ ಮುಖ, ಮೂಗುತಿ, ಸೀರೆಯ ನೆರಿಗೆ ಎಲ್ಲ ಮೂಡುತ್ತಿದ್ದವು. ಮೊಣಕಾಲ ಕೆಳಗೆ ಬಂದು ಬರೆಯುವ ಕಡ್ಡಿ ನಿಲ್ಲುತ್ತಿತ್ತು. ಜಿಂಕೆಗಳಿಗೆ ಮಾತ್ರ ನಾಲ್ಕೂ ಗೊರಸು. ಹರಣಶಿಕಾರಿ ಜನದ ಆಕೆಯ ಹಿರಿಯರು ಜಿಂಕೆ ಬೇಟೆಗಾರರು. "ಭಾಳ ಕೊಂದೀವಿ, ಇಲ್ಲರ ಓಡ್ಲಿ," ಎನ್ನುತ್ತಿದ್ದಳು.

ಮನುಷ್ಯರ ಮಾತು ಬೇರೆ. "ಪಾದ ಬರದ್ರ ಮನಷಾ ನಿಲ್ಲಂಗಿಲ್ಲ ತಂಗಿ, ಹೊಂಟೇ ಬಿಡ್ತಾನ." ಇದು ಅವಳೊಬ್ಬಳದೇ ನೇಮ. ಯಾರಾದರೂ ತೀರಿಕೊಂಡರೆ ಆ ಮನೆಗೆ ಬಂದು, ಗೋಡೆಯ ಮೇಲೆ ತಾನೇ ಹಿಂದೆ ಬರೆದಿದ್ದ ಅವರ ಚಿತ್ರಕ್ಕೆ ಪಾದ ಬರೆದು, ಅವರು ಹೋಗುವ ದಾರಿಯ ಕಥೆ ಹೇಳುತ್ತಿದ್ದಳು. ನಮ್ಮಪ್ಪ ಸತ್ತಾಗ, ಹೆಣ ಇನ್ನೂ ಮನೆಯಲ್ಲಿರುವಾಗಲೇ ಸುಣ್ಣದ ಬಟ್ಟಲು ಹಿಡಿದು ಬಂದಳು. ನಾನು ಬೆಚ್ಚಿಬಿದ್ದೆ, ಸಿಟ್ಟೂ ಬಂತು. ಆಕೆ ಲಕ್ಷ್ಯ ಕೊಡಲಿಲ್ಲ. ಅಪ್ಪ ತೊಗರಿ ಹೊಲ ದಾಟುತ್ತಾ ಅಲ್ಲಿಯೂ ಮಂದಿಯ ಎತ್ತುಗಳಿಗೆ ಕೊಂಕು ತೆಗೆಯುವುದನ್ನು ಹೇಳಿದಳು. ಹೆಣದ ಮುಂದೆ ಅವ್ವ ನಕ್ಕುಬಿಟ್ಟಳು, ನಾನು ದಂಗಾದೆ. ಕಾಲಿಗೆ ಅವರ ಚಪ್ಪಲಿಯನ್ನೂ ಬರೆ ಎಂದು ಅವ್ವ ಬೇಡಿಕೊಂಡಾಗ ಮಾತ್ರ ಆಯಿ ತಲೆಯಾಡಿಸಿದಳು.

"ಚಪ್ಪಲ ತಿರುಗಿ ಬರಾವ್ರಿಗಿ, ಯವ್ವಾ."

ಅವಳಿಗೊಬ್ಬಳೇ ಮಗಳು, ಸುನಂದಾ. ನರ್ಸಿಂಗ್ ಕಲಿತ ಹುಡುಗಿಗೆ ಜೇವರ್ಗಿಯಲ್ಲಿ ಕೆಲಸ ಸಿಕ್ಕರೂ ಆಯಿ ಬಿಡಲಿಲ್ಲ. ಇವಳು ಹೋದರೆ ನಾನು ಕಥೆ ಯಾರಿಗೆ ಹೇಳಲಿ ಎಂದು ಒಂದೇ ಹಟ. ನಾನು ಎಷ್ಟು ಹೇಳಿದರೂ ಜಪ್ಪಯ್ಯ ಅನ್ನಲಿಲ್ಲ. ಮನೆಯ ಮುಂದಿನ ಗೋಡೆಯಲ್ಲಿ ಸುನಂದಾ ಪಾದವಿಲ್ಲದೆ ನಿಂತೇ ಇದ್ದಳು.

ಮೊನ್ನೆ ನಾನೀಗ ಇರುವ ಅಫಜಲಪುರದಿಂದ ಊರಿಗೆ ಹೋದವಳು ಸೀದಾ ಆಯಿಯ ಮನೆಗೆ ನಡೆದೆ. ಗೋಡೆ ನೋಡಿ ಅಂಗಳದಲ್ಲೇ ನಿಂತೆ. ಸುನಂದಾಳ ಚಿತ್ರಕ್ಕೆ ಪಾದ ಬಂದಿತ್ತು. ಇಷ್ಟು ಸಣ್ಣ ಹುಡುಗಿ! ಕಟ್ಟೆಯ ಮೇಲೆ ಕೂತುಬಿಟ್ಟೆ. ಅಷ್ಟರಲ್ಲಿ ಒಳಗಿನಿಂದ ನೀರಿನ ತಂಬಿಗೆ ಹಿಡಿದು ಬಂದವಳು ಸುನಂದಾಳೇ.

ನಾನು ಗೋಡೆಯತ್ತ ಕೈ ತೋರಿಸಿದೆ.

"ಹೋದ ಅಮಾಸಿಗಿ ಅವ್ವ ತೀರಿಕೊಂಡ್ಳಕ್ಕಾ," ಎಂದಳು. ಸಾಯುವ ಮುಂಜಾನೆ ಹಾಸಿಗೆಯಿಂದ ಎದ್ದು, ಗೋಡೆ ಹಿಡಿದುಕೊಂಡು ಬಂದು ಆಯಿಯೇ ಮಗಳ ಪಾದ ಬರೆದಳಂತೆ. "ನಾ ಬ್ಯಾಡಂದೆ. 'ಸತ್ತ ಮ್ಯಾಲ ಬರದ್ರ ಏನ್ ಬಂತು? ಜೀವ ಇದ್ದಾಗೇ ಹೋಗು' ಅಂದ್ಳು."

ಆಯಿ ಇಲ್ಲವೆಂಬುದು ಇನ್ನೂ ನನ್ನ ತಲೆಗೆ ಇಳಿದಿರಲಿಲ್ಲ. ಸುನಂದಾ ಬಾಗಿಲ ಬದಿಗೆ ಕಟ್ಟಿಟ್ಟಿದ್ದ ಚೀಲವನ್ನು ಸರಿಸಿ ನನ್ನ ಪಕ್ಕ ಕೂತಳು.

"ಅಂಜಿದಿ ಖರೆ, ಸರಿಯಾಗಿ ನೋಡ್ಲೇ ಇಲ್ಲಲ್ಲಕ್ಕಾ."

ನೋಡಿದೆ. ಸೊಟ್ಟ ಗೆರೆಗಳಲ್ಲಿ ಆಯಿ ಮಗಳ ಕಾಲಿಗೆ ಚಪ್ಪಲಿ ಬರೆದಿದ್ದಳು.