ನೀರಿಗೆ ಹೋದ ಬಿಸಿ

ನಾನು ಮೋಟರ್ ರಿಪೇರಿ ಕಲಿತದ್ದು ರಾಣೆಬೆನ್ನೂರಿನ ಒಬ್ಬ ಚಾಚಾನ ಅಂಗಡಿಯಲ್ಲಿ. ಈಗ ನನ್ನದೇ ಅಂಗಡಿಯಿದ್ದರೂ ದೊಡ್ಡ ಕೆಲಸವಿದ್ದರೆ ಅವರನ್ನು ಕರೆದುಕೊಂಡೇ ಹೋಗುತ್ತೇನೆ. ಹೋದ ಬೇಸಿಗೆಯಲ್ಲಿ ಕುಪ್ಪೇಲೂರಿನ ತೆರೆದ ಬಾವಿಯೊಂದರಲ್ಲಿ ಮುಳುಗಿಸಿಟ್ಟ ಮೋಟರ್ ಕೆಟ್ಟಿತ್ತು. ಹೋಗುವಾಗ ಬಸ್ಸಿನಲ್ಲಿ ಅವರಿಗೆ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದೆ. ಜನರ ಫೋಟೊ, ಪತ್ರಗಳನ್ನೆಲ್ಲ ಕೂಡಿಡುವ ಕಂಪ್ಯೂಟರುಗಳನ್ನು ದೊಡ್ಡ ಉಕ್ಕಿನ ಕೊಳವೆಯಲ್ಲಿ ಮುಚ್ಚಿ ಸಮುದ್ರದ ತಳಕ್ಕೆ ಇಳಿಸುತ್ತಿದ್ದರು. ಸುತ್ತಲಿನ ನೀರೇ ಅವುಗಳನ್ನು ತಣ್ಣಗಿಡುತ್ತದಂತೆ.

"ಖರೇನ? ನಾವು ಬಾವ್ಯಾಗ ಮಾಡೂದೂ ಇದ ಅಲ್ಲೇನೋ!" ಚಾಚಾನ ಕಣ್ಣು ಅರಳಿತು. ಮರುಕ್ಷಣವೇ ಕೇಳಿದರು, "ಆದ್ರ ಆ ಬಿಸಿ ಎಲ್ಲಾ ನೀರಿಗೆ ಹೋಗತೈತಲ್ಲ, ಮೀನಿಗೆ ಏನಾಗತೈತಿ?"

"ಸಮುದ್ರ ದೊಡ್ಡದೈತಿ ಚಾಚಾ, ಗೊತ್ತೂ ಆಗೂದಿಲ್ಲಂತ."

ಅವರು ವಿಡಿಯೊವನ್ನು ಮತ್ತೊಮ್ಮೆ ನೋಡಿದರು.

ಬಾವಿಯಿಂದ ಮೇಲೆ ಬಂದ ಮೋಟರಿನ ಗುರುತೇ ನಮಗೆ ಸಿಗಲಿಲ್ಲ. ಮೈತುಂಬ ಹಸಿರು ಪಾಚಿ, ಪಾಚಿಯೊಳಗೆ ಪುಟ್ಟ ಬಸವನಹುಳುಗಳು, ನಡುವೆ ಉಗುರಿನಷ್ಟೇ ದೊಡ್ಡ ಒಂದು ಏಡಿ. ವರ್ಷಗಟ್ಟಲೆ ಗುಂಯ್‌ಗುಟ್ಟಿದ ಆ ಬೆಚ್ಚನೆಯ ಉಕ್ಕಿನ ಮೇಲೆ ನಮಗೆ ಗೊತ್ತಿಲ್ಲದೆ ಒಂದು ಊರೇ ಬೆಳೆದಿತ್ತು.

"ಇವಕ್ಕ ಈ ಬಿಸಿ ಹಿಡಿಸೇತಿ. ಹಿಡಿಸಲಾರದವು ಎಷ್ಟು ಹೋದ್ವೋ, ಅವನ್ನ ಯಾರು ನೋಡ್ಯಾರ?" ಎಂದರು ಚಾಚಾ.

ಆಮೇಲೆ ಬಕೆಟ್ಟಿನಲ್ಲಿ ನೀರು ತರಿಸಿ, ಒಂದೊಂದೇ ಹುಳುವನ್ನು ಬೆರಳಿನಿಂದ ಬಿಡಿಸಿ ಅದರಲ್ಲಿ ಹಾಕತೊಡಗಿದರು. ಸ್ಪ್ಯಾನರ್ ಕೆಳಗಿಟ್ಟು ನಾನೂ ಪಕ್ಕದಲ್ಲಿ ಕುಳಿತೆ. ಏಡಿ ಮಾತ್ರ ನನ್ನ ಕೈಗೆ ಸಿಗದೆ ತಾನೇ ಬಾವಿಗೆ ಹಾರಿತು.