ಹುಣ್ಣಿಮೆಗೆ ಹಸನಾದ ಹೊಲ

ಘಟಪ್ರಭೆಯ ನೆರೆ ಇಳಿದ ಮೇಲೆ ನಮ್ಮ ಗೋವಿನಜೋಳ ನಿಂತಲ್ಲೇ ಕೊಳೆಯಿತು. ತೆನೆ ಸುಲಿದರೆ ಕಾಳಿನ ಸಾಲುಗಳ ಸಂದಿಯಲ್ಲಿ ಸಣ್ಣಗೆ ರಾಡಿ ಕೂತಿರುತ್ತಿತ್ತು. ಗ್ರಾಮಲೆಕ್ಕಿಗ ತಲಾಟಿ ಬಂದು ಹೊಲ ನೋಡಿ ಬರೆದುಕೊಂಡರೆ ಸರ್ಕಾರದ ಪರಿಹಾರ ಬರುತ್ತದೆ ಎಂದು ಊರವರು ಹೇಳಿದರು. ಅದು ಬಂದರೆ ಹಿಂಗಾರಿಗೆ ಕಡಲೆ, ಇಲ್ಲದಿದ್ದರೆ ಹೊಲ ಬೀಳು. ನನ್ನ ಗಂಡನ ಅಣ್ಣ, ಭಾವನವರು, ದಿನಾ ಮುಂಜಾನೆ ಮುಧೋಳದ ರಸ್ತೆ ನೋಡುತ್ತ ನಿಲ್ಲುತ್ತಿದ್ದರು.

ತಲಾಟಿಗಿಂತ ಮೊದಲು ಸೀಗಿ ಹುಣ್ಣಿಮೆ ಬಂತು. ಭೂಮಿಯನ್ನು ಬಸುರಿ ಎಂದು ತಿಳಿದು, ಹೊಲಕ್ಕೇ ಹೋಗಿ ಉಣಿಸುವ ಹಬ್ಬ. ಹಿಂದಿನ ದಿನ ಭಾವನವರು ಜಮಖಂಡಿಗೆ ಹೋಗಿದ್ದರು. ಅತ್ತೆ ಆಳು ಹಚ್ಚಿ ಕೊಳೆತ ಬೆಳೆಯನ್ನೆಲ್ಲ ಕೀಳಿಸಿ ಬದುವಿಗೆ ಹಾಕಿಸಿದರು.

"ಬಸರಿಗಿ ಕೊಳತದ್ದು ಉಡಿಸಿ ಉಡಿ ತುಂಬತಾರೇನ?"

ನನಗೂ ಆ ಮಾತು ಸರಿಯೆನಿಸಿತು. ಕಡಬು ಮಾಡಿಕೊಂಡು ಹೋಗಿ, ಭೂಮಿಗೆ ಉಣಿಸುವ ಚರಗವನ್ನು ಹೊಲದ ತುಂಬ ಚೆಲ್ಲಿ ಬಂದೆವು. ಹಬ್ಬ ಮುಗಿದ ಮೇಲೆ ಊರಿಗೆ ಬಂದ ಭಾವನವರು ಹೊಲ ನೋಡಿ ಬಾಗಿಲಲ್ಲೇ ನಿಂತು ಕೇಳಿದರು:

"ಯವ್ವಾ, ತಲಾಟಿಗಿ ಈಗ ಏನ್ ತೋರಸ್ಲಿ? ನಿನ್ನ ಕಡಬು?"

ಅದೇ ವಾರ ತಲಾಟಿ ಬಂದರು. ಮೈಸೂರು ಕಡೆಯ ಹುಡುಗ. ಬಿಳಿ ಬೂಟು, ಕೈಯಲ್ಲಿ ಫೋನು.

"ಬೆಳೆ ಎಲ್ಲಿ?"

"ಬದುವಿನ ಮ್ಯಾಲೈತ್ರಿ ಸಾಹೇಬ್ರ, ಕಿತ್ತ ಹಾಕೇವ್ರಿ," ಎಂದರು ಭಾವ.

"ಆ ರಾಶಿ ಯಾರದ್ದಾದ್ರೂ ಆಗಬಹುದು. ಹೊಲದಲ್ಲಿ ನಿಂತಿರೋದರ ಫೋಟೋನೇ ಬೇಕು."

ಪಕ್ಕದ ಹೊಲದ ಕಾಕಾ ಬದುವಿನಿಂದಲೇ ಕೂಗಿದರು: "ಅವರ ಹೊಲ ತಲಿ ಎರಕೊಂಡ ಕುಂತೈತ್ರಿ ಸಾಹೇಬ್ರ! ನಮ್ಮದು ಹೊಲಸಾಗೇ ಐತಿ, ಬರ್ರಿ."

ಭಾವ ನಗಲಿಲ್ಲ. ನನ್ನ ಕಡೆ ತಿರುಗಿದರು. "ತಂಗಿ, ನೀ ಕಾನ್ವೆಂಟ್ ಸಾಲಿ ಕಲತಾಕಿ. ನೀನರ ಹೇಳು."

ಹಬ್ಬದ ವಿಷಯ ತಡವರಿಸುತ್ತ ಹೇಳಿದೆ. ತಲಾಟಿ ತಾಳ್ಮೆಯಿಂದಲೇ ಕೇಳಿದರು. "ನಂಬ್ತೀನಿ ಅಕ್ಕಾ. ಆದರೆ ಖಾಲಿ ಹೊಲದ ಫೋಟೋ ಕಳಿಸಿದ್ರೆ ಮೇಲಿನವರು ನಂಬಲ್ಲ. ಪಕ್ಕದ್ದು ಮುಗಿಸಿ ಬರ್ತೀನಿ," ಎಂದು ಹೋದರು.

ಅವರ ಬೆನ್ನು ತಿರುಗಿದ್ದೇ ತಡ, ಭಾವ ರಾಶಿಯಿಂದ ದಂಟುಗಳನ್ನು ತಬ್ಬಿಕೊಂಡು ತಂದು ನೆಲಕ್ಕೆ ಚುಚ್ಚತೊಡಗಿದರು. ನಾನೂ ಸೆರಗು ಸಿಕ್ಕಿಸಿಕೊಂಡು ಕೈ ಹಚ್ಚಿದೆ. ಒಂದು ನಿಲ್ಲಿಸಿದರೆ ಇನ್ನೊಂದು ಬೀಳುತ್ತಿತ್ತು. ಕೈಗೆ ಹುಳಿ ನಾತ.

"ಸತ್ತದ್ದನ್ನ ಮತ್ತ ನೆಡತೀಯೇನೋ?" ಬದುವಿನ ಮೇಲಿದ್ದ ಅತ್ತೆ ಕೇಳಿದರು. "ಭೂಮಿತಾಯಿ ಉಂಡ ಜಾಗಾದಾಗ?"

"ಕಡ್ಲಿ ಬೀಜ ಅಕಿ ಕೊಡಸ್ತಾಳೇನ? ಸುಮ್ಮ ಕುಂಡ್ರಬೇ!"

ತಾಯಿಗೆ ಅವರು ಹಾಗೆ ಗದರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಚೆ ತಲಾಟಿ ಫೋನು ಕಿಸೆಗಿಟ್ಟು ತಿರುಗಿದ್ದು ಕಂಡಿತು. ನಮ್ಮ ದಂಟುಗಳು ಒಂದು ಮಡಿಯಷ್ಟೂ ಆಗಿರಲಿಲ್ಲ.

ಆಗ ಅತ್ತೆ ಚಪ್ಪಲಿ ಬಿಟ್ಟು ಹೊಲಕ್ಕಿಳಿದರು. ನನ್ನ ಕೈಯಲ್ಲಿದ್ದ ದಂಟು ಕಸಿದುಕೊಂಡರು. ಕಿತ್ತೆಸೆಯುತ್ತಾರೆಂದುಕೊಂಡೆ. ಅವರು ಕುಕ್ಕರಗಾಲಿನಲ್ಲಿ ಕುಳಿತು, ಬದನೆ ಸಸಿಗೆ ಅದುಮುವಂತೆ ಎರಡೂ ಕೈಯಿಂದ ಮಣ್ಣು ಅದುಮಿದರು.

"ನೆಟ್ಟಗ ನಿಂತ್ರ ಯಾರ ನಂಬತಾರ? ಹೊಳಿ ಹರದ ಕಡಿಗಿ ವಾಲಿಸು," ಎಂದರು, ಯಾರ ಮುಖವನ್ನೂ ನೋಡದೆ.

ಮೂವರೂ ವಾಲಿಸಿದೆವು.

ತಲಾಟಿ ಬಂದರು. ಬೂಟು ಕರಿಮಣ್ಣಿನಿಂದ ಭಾರವಾಗಿತ್ತು. ಬುಡದ ಹಸಿ ಮಣ್ಣನ್ನು ನೋಡಿದರು, ಅತ್ತೆಯ ಕೈ ನೋಡಿದರು.

"ಅಜ್ಜಿ, ಸ್ವಲ್ಪ ಈ ಕಡೆ ಬನ್ನಿ. ಫೋಟೋದಲ್ಲಿ ಬರ್ತೀರಿ."

ಅತ್ತೆ ಸರಿದು ನಿಂತರು.

ಫೋಟೋ ತೆಗೆದುಕೊಂಡು ಹೊರಟ ತಲಾಟಿಯ ಬೈಕಿನ ಸದ್ದು ದೂರವಾದ ಮೇಲೆ ಭಾವ ಬದುವಿನ ಮೇಲೆ ಕುಸಿದು ಕುಳಿತರು. ಅತ್ತೆ ದಂಟುಗಳನ್ನು ಮತ್ತೆ ಒಂದೊಂದಾಗಿ ಕೀಳುತ್ತಿದ್ದರು.

ಪರಿಹಾರ ಬಂತು. ಕಡಲೆ ಬಿತ್ತುವ ದಿನ ಕೂರಿಗೆಗೆ ಮೊದಲ ಹಿಡಿ ಬೀಜ ಹಾಕುವುದು ಯಾವಾಗಲೂ ಅತ್ತೆಯೇ. ಆ ವರ್ಷ ತಮ್ಮ ಅಂಗೈಗಳನ್ನು ಒಮ್ಮೆ ನೋಡಿಕೊಂಡು ಬೀಜದ ಬುಟ್ಟಿಯನ್ನು ನನ್ನ ಕಡೆ ತಳ್ಳಿದರು.

"ನೀ ಹಾಕವಾ," ಎಂದರು. "ನಾ ಒಲ್ಲೆ."